ಒಂದೇ ಮೆದುಳು, ಬೇರೆ ಬೇರೆ ದಿನದ ಸ್ಕ್ಯಾನ್: ಗಡಿನಾಡ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಕಾಸರಗೋಡು ಕಡೆಯವು ಜಾಸ್ತಿ, ಒಂದು ತಾಳವಾಡಿಯಿಂದ. ಎಲ್ಲವೂ ಮೆದುಳಿನ ಸ್ಕ್ಯಾನ್ ಬಗ್ಗೆ. ಅದರಲ್ಲೂ ಒಬ್ಬರನ್ನೇ ಹಲವು ಸಲ ಸ್ಕ್ಯಾನ್ ಮಾಡಿದಾಗ ಸಿಗುವ ಲೆಕ್ಕಗಳನ್ನು ಹೇಗೆ ನೋಡಬೇಕು ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರು ಇದ್ದಾರೆ, ಅದಕ್ಕೆ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ಮೇಡಂ, ಮೆದುಳಿನ ಭಾಗಗಳ ನಡುವೆ ಕನೆಕ್ಟಿವಿಟಿ ಉಂಟು, ಅದು ಎಫ್‌ಎಂಆರ್‌ಐಯಲ್ಲಿ ಗೊತ್ತಾಗುತ್ತದೆ ಅಂತ ಓದಿದೆ. ಅದೆಂತ ನರದ ತಂತಿಯಾ?
– ಪೆರ್ಲ

ಉತ್ತರ: ತಂತಿಯ ಹಾಗೆ ನರದ ಎಳೆಗಳು ಇರುವುದು ನಿಜ. ಎಫ್‌ಎಂಆರ್‌ಐ ಅಂದರೆ ಮೆದುಳು ಕೆಲಸ ಮಾಡುವುದನ್ನು ಹಿಡಿಯುವ ಎಂಆರ್‌ಐ. ಅದು ನೋಡುವುದು ಎಳೆಗಳನ್ನಲ್ಲ, ರಕ್ತದಲ್ಲಿರುವ ಆಮ್ಲಜನಕವನ್ನು. ಮೆದುಳಿನ ಒಂದು ಭಾಗ ಕೆಲಸ ಮಾಡಿದರೆ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ಹಿಮೋಗ್ಲೋಬಿನ್ ಮತ್ತು ಇಲ್ಲದ ಹಿಮೋಗ್ಲೋಬಿನ್ ಅಯಸ್ಕಾಂತದಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ, ಸಿಗ್ನಲ್ ಬರುವುದು ಆ ವ್ಯತ್ಯಾಸದಿಂದ. ಸೆಯಿಜಿ ಒಗಾವ ಮತ್ತು ಅವರ ಜೊತೆಗಾರರು 1990ರಲ್ಲಿ ಇದನ್ನು ತೋರಿಸಿದರು, 1992ರ ಹೊತ್ತಿಗೆ ಮನುಷ್ಯರಲ್ಲೂ ಈ ವಿಧಾನ ಬಂತು. ಸಿಗ್ನಲ್ ನಿಧಾನ. ನರಕೋಶ ಕೆಲಸ ಮಾಡಿ ಐದಾರು ಸೆಕೆಂಡ್ ಆದ ಮೇಲೆ ಅದು ತುದಿಗೆ ಏರುತ್ತದೆ.

ಈಗ ಒಬ್ಬರನ್ನು ಸುಮ್ನೆ ಮಲಗಿಸಿ ಎರಡು ಸೆಕೆಂಡಿಗೊಂದು ಚಿತ್ರದಂತೆ ಹತ್ತು ನಿಮಿಷ ತೆಗೆದರೆ 300 ಚಿತ್ರ ಸಿಗುತ್ತದೆ. ಮೆದುಳಿನ ಪ್ರತಿ ಭಾಗಕ್ಕೂ 300 ಅಂಕಿಗಳ ಒಂದು ಸಾಲು. ಎರಡು ಭಾಗಗಳ ಸಾಲುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವುಗಳ ನಡುವೆ ಕನೆಕ್ಟಿವಿಟಿ ಉಂಟು ಅನ್ನುತ್ತಾರೆ. ಅಂದರೆ ಅದೊಂದು ಕೋರಿಲೇಶನ್, ಅಷ್ಟೆ: ಪೂರ್ತಿ ಒಟ್ಟಿಗೆ ಏರಿಳಿದರೆ 1, ಸಂಬಂಧವೇ ಇಲ್ಲದಿದ್ದರೆ 0. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಇದನ್ನು ಮೊದಲು ಚೆನ್ನಾಗಿ ತೋರಿಸಿದರು. ಬೆರಳು ಆಡಿಸುವಾಗ ಕೆಲಸ ಮಾಡುವ ಎಡ ಬಲದ ಭಾಗಗಳು, ಬೆರಳು ಆಡಿಸದೆ ಮಲಗಿದ್ದಾಗಲೂ ಒಟ್ಟಿಗೆ ಏರಿಳಿಯುತ್ತಿದ್ದವು. ನೇರ ಎಳೆ ಇಲ್ಲದ ಭಾಗಗಳ ನಡುವೆಯೂ, ಮೂರನೆಯ ಒಂದು ಭಾಗದ ಮೂಲಕ ಇಂಥ ಹೊಂದಿಕೆ ಬರಬಹುದು. ತಲೆ ಅಲುಗಿದರೂ, ಉಸಿರಾಟ ಬದಲಾದರೂ ಬರಬಹುದು. ಕೆಳಗಿನ ಉತ್ತರಗಳಲ್ಲಿ ದೊಡ್ಡ ತೊಂದರೆ ಅದೇ.

ಪ್ರಶ್ನೆ: ಅಕ್ಕಾ, ನಾನು ಬದಿಯಡ್ಕದವಳು, ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕನ್ನಡ, ಮಲಯಾಳಂ ಎರಡೂ ಬರುವ 24 ಜನರನ್ನು ಸ್ಕ್ಯಾನ್ ಮಾಡಿದ್ದೇವೆ. ಮೊದಲ ದಿನ ಎರಡು ಸೆಷನ್ ಕನ್ನಡ ಕಥೆ ಕೇಳಿಸಿದ್ದು, ವಾರ ಬಿಟ್ಟು ಎರಡು ಸೆಷನ್ ಮಲಯಾಳಂ ಕಥೆ. ಗೈಡ್ ಸರ್ ನಾಲ್ಕನ್ನೂ ಒಂದರ ಹಿಂದೆ ಒಂದು ಜೋಡಿಸಿ ಒಂದೇ ಉದ್ದ ಸಾಲು ಮಾಡು ಅನ್ನುತ್ತಾರೆ. ಲ್ಯಾಬಿನ ಸೀನಿಯರ್ ಬೇರೆ ಬೇರೆ ಲೆಕ್ಕ ಹಾಕಿ ಆಮೇಲೆ ಸರಾಸರಿ ತೆಗಿ ಅನ್ನುತ್ತಾರೆ. ಯಾವುದು ಸರಿ? ಮತ್ತೆ ಪೇಪರಿನಲ್ಲಿ 96 ಸ್ಯಾಂಪಲ್ ಅಂತ ಬರೆಯಬಹುದಾ?
– ಬದಿಯಡ್ಕ

ಉತ್ತರ: ತಂಗೀ, ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೇನೆ. ಬರೆಯಬಾರದು. ನಿಮ್ಮಲ್ಲಿರುವುದು 24 ಜನ. ಒಬ್ಬರದ್ದೇ ನಾಲ್ಕು ಸ್ಕ್ಯಾನ್‌ಗಳು ಒಂದಕ್ಕೊಂದು ಹೋಲುತ್ತವೆ, ಅವನ್ನು ನಾಲ್ಕು ಬೇರೆ ಜನ ಅಂತ ಎಣಿಸಿದರೆ ಇಲ್ಲದ ವ್ಯತ್ಯಾಸವೂ ಇದೆ ಅಂತ ಕಾಣುತ್ತದೆ. ಒಬ್ಬೊಬ್ಬರಿಗೂ ಮೊದಲು ಒಂದು ಕನ್ನಡದ ಅಂಕಿ, ಒಂದು ಮಲಯಾಳಂ ಅಂಕಿ ತೆಗೆದು ಅವರವರೊಳಗೇ ಹೋಲಿಸಿ. ಇಲ್ಲವೇ ನಾಲ್ಕನ್ನೂ ಇಟ್ಟುಕೊಂಡು, ಯಾವ ಸ್ಕ್ಯಾನ್ ಯಾರದ್ದು ಅನ್ನುವುದನ್ನು ಲೆಕ್ಕದೊಳಗೆ ಸೇರಿಸುವ ಮಿಕ್ಸೆಡ್ ಮಾಡೆಲ್ ಬಳಸಿ. ಒಂದು ಸೆಷನ್ ಹಾಳಾದವರನ್ನೂ ಬಿಡದೆ ಇಟ್ಟುಕೊಳ್ಳಬಹುದು, ಆದ್ದರಿಂದ ನನಗೆ ಎರಡನೆಯದೇ ಇಷ್ಟ.

ಇನ್ನು ಜೋಡಿಸುವ ವಿಷಯ. ಗೈಡ್ ಹೇಳಿದ್ದೂ ನಡೆಯುತ್ತದೆ, ಸೀನಿಯರ್ ಹೇಳಿದ್ದೂ ನಡೆಯುತ್ತದೆ. ಆದರೆ ಕಚ್ಚಾ ಡೇಟಾವನ್ನು ಹಾಗೇ ಜೋಡಿಸಿದರೆ ಇಡೀ ಕೆಲಸ ನೀರುಪಾಲು. ನಿಮ್ಮ ಊರಿನ ಕಡೆ ಗುಡ್ಡ ಕೊರೆದು ನೀರು ತೆಗೆಯುವ ಸುರಂಗಗಳು ಉಂಟಲ್ಲ, ಅವನ್ನೇ ತೆಗೆದುಕೊಳ್ಳಿ. ಬೇರೆ ಬೇರೆ ಗುಡ್ಡದ ಎರಡು ಸುರಂಗಗಳಿಂದ ದಿನಕ್ಕೆಷ್ಟು ನೀರು ಬರುತ್ತದೆ ಅಂತ ಏಪ್ರಿಲಿನಲ್ಲಿ ಹತ್ತು ದಿನ ಅಳೆಯಿರಿ, ಜುಲೈಯಲ್ಲಿ ಹತ್ತು ದಿನ ಅಳೆಯಿರಿ. ಏಪ್ರಿಲ್ ಒಂದನ್ನೇ ನೋಡಿದರೆ ಎರಡರ ಏರಿಳಿತಕ್ಕೆ ಸಂಬಂಧ ಇಲ್ಲದಿರಬಹುದು, ಜುಲೈ ಒಂದನ್ನೇ ನೋಡಿದರೂ ಹಾಗೇ. ಇಪ್ಪತ್ತು ದಿನವನ್ನೂ ಒಂದೇ ಸಾಲಾಗಿ ಮಾಡಿದರೆ ಮಾತ್ರ ಎರಡೂ ಏಪ್ರಿಲಿನಲ್ಲಿ ಕಡಿಮೆ, ಜುಲೈಯಲ್ಲಿ ಜಾಸ್ತಿ, ಹಾಗಾಗಿ ಕೋರಿಲೇಶನ್ 0.9ರ ಹತ್ತಿರ ಬರುತ್ತದೆ. ಸ್ಕ್ಯಾನರ್ ಅಂಕಿಗಳಿಗೂ ಇದೇ ಗತಿ. ಎಫ್‌ಎಂಆರ್‌ಐ ಸಿಗ್ನಲ್‌ಗೆ ತನ್ನದೇ ಆದ ಅಳತೆಯ ಮಾನ ಇಲ್ಲ. ತಲೆ ಇಟ್ಟ ಜಾಗ ಸ್ವಲ್ಪ ಬದಲಾದರೂ, ಯಂತ್ರ ಅವತ್ತು ಬೇರೆ ರೀತಿ ಹೊಂದಿಕೊಂಡಿದ್ದರೂ ಒಂದು ದಿನದ ಸರಾಸರಿ 1000 ಇದ್ದದ್ದು ಇನ್ನೊಂದು ದಿನ 1040 ಆಗಿಬಿಡುತ್ತದೆ, ಅದೂ ಎಲ್ಲಾ ಭಾಗಗಳಲ್ಲೂ ಒಟ್ಟಿಗೆ.

ಅದಕ್ಕೆ ಶುಚಿ ಮಾಡುವ ಕೆಲಸವೆಲ್ಲ ಸೆಷನ್‌ಗೆ ಸೆಷನ್ ಬೇರೆಯಾಗಿ ಆಗಬೇಕು. ತಲೆ ಅಲುಗಾಟದ ಆರು ಸಾಲು (ಮೂರು ದಿಕ್ಕಿನ ಸರಿದಾಟ, ಮೂರು ಬಗೆಯ ತಿರುಗುವಿಕೆ), ಬಿಳಿ ದ್ರವ್ಯದ (ನರದ ಎಳೆಗಳಿರುವ ಭಾಗ) ಮತ್ತು ಮೆದುಳು ದ್ರವದ ಸಿಗ್ನಲ್, ಇವನ್ನು ಕಳೆಯುವುದು ಆಯಾ ಸೆಷನ್ ಒಳಗೆ. ತೀರಾ ನಿಧಾನದ, ತೀರಾ ವೇಗದ ಏರಿಳಿತಗಳನ್ನು ಸೋಸುವ ಫಿಲ್ಟರ್ ಕೂಡ ಆಯಾ ಸೆಷನ್ ಒಳಗೆ. ಜೋಡಿಸಿದ ಮೇಲೆ ಫಿಲ್ಟರ್ ಹಾಕಿದರೆ ಬೆಸುಗೆಯ ಜಾಗದಲ್ಲಿರುವ ಜಿಗಿತ ಅಕ್ಕಪಕ್ಕದ ಹತ್ತಾರು ಚಿತ್ರಗಳಿಗೆ ಹರಡುತ್ತದೆ. ಇದೆಲ್ಲ ಆದ ಮೇಲೆ ಪ್ರತಿ ಸೆಷನ್‌ನ ಸರಾಸರಿಯನ್ನು ಸೊನ್ನೆಗೆ ತನ್ನಿ, ಏರಿಳಿತದ ಅಳತೆಯನ್ನು ಒಂದಕ್ಕೆ ತನ್ನಿ. ಆಮೇಲೆ ಜೋಡಿಸಿದರೆ ತೊಂದರೆ ಇಲ್ಲ, ಆದರೆ ಕನ್ನಡವನ್ನು ಕನ್ನಡದ ಜೊತೆ, ಮಲಯಾಳವನ್ನು ಮಲಯಾಳದ ಜೊತೆ ಮಾತ್ರ. ನಾಲ್ಕನ್ನೂ ಸೇರಿಸಿಬಿಟ್ಟರೆ ನೀವು ಕೇಳಬೇಕೆಂದಿದ್ದ ಪ್ರಶ್ನೆಯೇ ಕರಗಿಹೋಗುತ್ತದೆ ಅಲ್ವಾ.

ಸೀನಿಯರ್ ಹೇಳಿದ ದಾರಿ ಇನ್ನೂ ಸರಳ. ಸೆಷನ್‌ಗೊಂದು ಕೋರಿಲೇಶನ್ ತೆಗೆಯಿರಿ, ಫಿಶರ್ ಝಡ್‌ಗೆ (ಸರಾಸರಿ ತೆಗೆಯಲು ಹೊಂದುವ ಹಾಗೆ ಕೋರಿಲೇಶನನ್ನು ಹಿಗ್ಗಿಸುವ ಸೂತ್ರ) ಬದಲಿಸಿ, ಆಮೇಲೆ ಸರಾಸರಿ. ನೇರವಾಗಿ ಸರಾಸರಿ ತೆಗೆಯಬೇಡಿ. 0.9 ಮತ್ತು 0.5ರ ನೇರ ಸರಾಸರಿ 0.70, ಫಿಶರ್ ದಾರಿಯಲ್ಲಿ ಹೋಗಿ ವಾಪಸು ಬಂದರೆ ಸುಮಾರು 0.77. ಅಲುಗಾಟ ಅಂತ ಒಂದು ಸೆಷನ್‌ನ ಅರ್ಧ ಚಿತ್ರಗಳನ್ನು ತೆಗೆದುಹಾಕಿದ್ದರೆ ಆ ಸೆಷನ್‌ಗೆ ತೂಕ ಕಡಿಮೆ ಕೊಡಿ. ನೀವು ಕಾನ್ ಟೂಲ್‌ಬಾಕ್ಸ್ ಎಂಬ ಕನೆಕ್ಟಿವಿಟಿ ತಂತ್ರಾಂಶ ಬಳಸುವುದಾದರೆ ಇದರಲ್ಲಿ ಬಹಳಷ್ಟನ್ನು ಅದೇ ಮಾಡುತ್ತದೆ. ನಾಲ್ಕು ಸೆಷನ್ ಕೊಡಿ, ಕನ್ನಡ, ಮಲಯಾಳಂ ಅಂತ ಎರಡು ಕಂಡೀಶನ್ ಮಾಡಿ, ಕನ್ನಡದ ಸೆಷನ್‌ಗಳಲ್ಲಿ ಆರಂಭ 0, ಅವಧಿ ಇನ್ಫ್ (ಅಂದರೆ ಕೊನೆಯವರೆಗೆ) ಅಂತ ಹಾಕಿ, ಮಲಯಾಳಂ ಸೆಷನ್‌ಗಳಲ್ಲಿ ಆ ಜಾಗ ಖಾಲಿ ಬಿಡಿ. ಇನ್ನೊಂದಕ್ಕೆ ಇದರ ಉಲ್ಟಾ. ಎಲ್ಲಾ ಜನರನ್ನು ಒಟ್ಟಿಗೆ ನೋಡುವ ಎರಡನೇ ಹಂತದಲ್ಲಿ ಎರಡು ಕಂಡೀಶನ್‌ಗಳ ನಡುವೆ 1 ಮತ್ತು ಮೈನಸ್ 1 ಕೊಟ್ಟರೆ ಆಯಿತು. ಒಂದು ಎಚ್ಚರಿಕೆ ಇಟ್ಟುಕೊಳ್ಳಿ: ಈ ತಂತ್ರಾಂಶಗಳು ಒಂದೇ ದಿನದ ಎರಡು ರನ್‌ಗಳನ್ನೂ (ಎದ್ದು ಹೋಗದೆ ಒಂದರ ಹಿಂದೆ ಒಂದು ತೆಗೆದ ಸ್ಕ್ಯಾನ್) ಸೆಷನ್ ಅಂತಲೇ ಕರೆಯುತ್ತವೆ. ಯಂತ್ರದಿಂದ ಎದ್ದು ಹೋಗಿ ವಾರದ ಮೇಲೆ ಮತ್ತೆ ಬಂದು ಮಲಗುವುದು ಬೇರೆಯೇ ಸಂಗತಿ. ಪೇಪರಿನಲ್ಲಿ ಎರಡನ್ನೂ ಬಿಡಿಸಿ ಬರೆಯಿರಿ.

ನನಗೆ ನಿಜವಾಗಿ ಚಿಂತೆ ಆದದ್ದು ಬೇರೆ. ಎಲ್ಲಾ 24 ಜನರಿಗೂ ಮೊದಲ ದಿನ ಕನ್ನಡ, ಎರಡನೇ ದಿನ ಮಲಯಾಳಂ ಅಂತಾದರೆ ಭಾಷೆಯ ವ್ಯತ್ಯಾಸವೂ ದಿನದ ವ್ಯತ್ಯಾಸವೂ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಮೊದಲ ಸಲ ಆ ಕೊಳವೆಯೊಳಗೆ ಹೋದವರಿಗೆ ಗಾಬರಿ ಇರುತ್ತದೆ, ಉಸಿರಾಟ ಬೇರೆ ಇರುತ್ತದೆ, ಎರಡನೇ ಸಲ ಅಭ್ಯಾಸ ಆಗಿ ಕೆಲವರಿಗೆ ಕಣ್ಣೂ ಮುಚ್ಚಿಹೋಗುತ್ತದೆ. ಇದನ್ನು ಯಾವ ತಂತ್ರಾಂಶವೂ ಬಿಡಿಸಿಕೊಡುವುದಿಲ್ಲ. ಸಮಯ, ದುಡ್ಡು ಉಳಿದಿದ್ದರೆ ಇನ್ನಷ್ಟು ಜನರನ್ನು ಮಲಯಾಳಂ ಮೊದಲು, ಕನ್ನಡ ಆಮೇಲೆ ಅಂತ ಸ್ಕ್ಯಾನ್ ಮಾಡಿ. ಅದಾಗದಿದ್ದರೆ ಕೆಲವರಿಗಾದರೂ ಎರಡೂ ದಿನ ಕನ್ನಡವನ್ನೇ ಕೇಳಿಸಿ ನೋಡಿ, ದಿನ ಬದಲಾಗುವುದರಿಂದಲೇ ಎಷ್ಟು ಬದಲಾಗುತ್ತದೆ ಅನ್ನುವುದು ಕೈಗೆ ಸಿಗುತ್ತದೆ. ಎರಡೂ ಆಗದಿದ್ದರೆ ಪ್ರಬಂಧದಲ್ಲಿ ಈ ಮಿತಿಯನ್ನು ಸ್ಪಷ್ಟವಾಗಿ ಬರೆಯಿರಿ, ಗೈಡ್ ಹತ್ತಿರ ಈಗಲೇ ಮಾತಾಡಿ.

ಇನ್ನೆರಡು ಮಾತು. ಕಥೆ ಕೇಳುವಾಗ ದನಿ ಏರಿದರೆ ಕಿವಿಗೆ ಸಂಬಂಧಿಸಿದ ಎಲ್ಲಾ ಭಾಗಗಳೂ ಒಟ್ಟಿಗೆ ಏರುತ್ತವೆ, ಅದೂ ಕನೆಕ್ಟಿವಿಟಿಯ ಹಾಗೆ ಕಾಣುತ್ತದೆ. ಒಬ್ಬರ ಒಂದು ಭಾಗವನ್ನು ಅದೇ ಕಥೆ ಕೇಳಿದ ಬೇರೆಯವರ ಇನ್ನೊಂದು ಭಾಗದ ಜೊತೆ ಹೋಲಿಸುವ ವಿಧಾನ ಉಂಟು. ಅದರಿಂದ ಕಥೆ ತಂದ ಹೊಂದಿಕೆ ಎಷ್ಟು ಅಂತ ಬೇರೆಯಾಗಿ ತಿಳಿಯುತ್ತದೆ. ಮತ್ತೆ ಕಾಸರಗೋಡಿನ ಕಡೆಯವರನ್ನು ಸೇರಿಸಿದ್ದರೆ ಮನೆಮಾತು ಯಾವುದು ಅಂತ ಖಂಡಿತ ಕೇಳಿ ಬರೆದಿಡಿ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಆಡುವವರು ಎಷ್ಟೋ ಜನ. ಅಂಥವರನ್ನು ಬರೀ "ದ್ವಿಭಾಷಿಕರು" ಅಂತ ಬರೆದರೆ ವಿಷಯದ ಮುಖ್ಯ ಭಾಗವೇ ಬಿಟ್ಟುಹೋದ ಹಾಗೆ.

ಪ್ರಶ್ನೆ: ನಾನು ಯೋಗ ಕಲಿಸುತ್ತೇನೆ. ಹತ್ತು ಶಿಷ್ಯರಿಗೆ ಎರಡು ತಿಂಗಳು ಧ್ಯಾನ ಮಾಡಿಸಿ, ಮೊದಲೊಂದು ಆಮೇಲೊಂದು ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಕನೆಕ್ಟಿವಿಟಿ ಬದಲಾದದ್ದನ್ನು ತೋರಿಸಬಹುದಲ್ಲವೇ? ಪರಿಚಯದ ಸಂಶೋಧಕರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ.
– ಮಂಜೇಶ್ವರ

ಉತ್ತರ: ಬದಲಾವಣೆ ಖಂಡಿತ ಕಾಣುತ್ತದೆ. ಧ್ಯಾನ ಮಾಡಿಸದಿದ್ದರೂ ಕಾಣುತ್ತದೆ. ಅದಕ್ಕೇ ಮೊದಲು ತಿಳಿಯಬೇಕಾದದ್ದು, ಏನೂ ಮಾಡದೆ ಇದ್ದರೆ ಒಂದೇ ಮೆದುಳಿನ ಎರಡು ಸ್ಕ್ಯಾನ್‌ಗಳ ನಡುವೆ ಎಷ್ಟು ವ್ಯತ್ಯಾಸ ಇರುತ್ತದೆ ಅಂತ.

ಇದನ್ನು ತಿಳಿಯಲು ಜನ ದೊಡ್ಡ ಶ್ರಮ ಪಟ್ಟಿದ್ದಾರೆ. ಅಮೆರಿಕದ ರಸೆಲ್ ಪೋಲ್ಡ್ರಾಕ್ ಎಂಬ ವಿಜ್ಞಾನಿ ಸುಮಾರು 18 ತಿಂಗಳು ತನ್ನನ್ನೇ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿಕೊಂಡರು, ಫಲಿತಾಂಶ 2015ರಲ್ಲಿ ಬಂತು. ಮಂಗಳವಾರ ರಕ್ತ ಪರೀಕ್ಷೆ ಇದ್ದ ಕಾರಣ ಖಾಲಿ ಹೊಟ್ಟೆ, ಕಾಫಿ ಇಲ್ಲ. ಗುರುವಾರ ತಿಂಡಿ, ಕಾಫಿ ಎರಡೂ ಆಗಿರುತ್ತಿತ್ತು. ಅಷ್ಟಕ್ಕೇ ಕನೆಕ್ಟಿವಿಟಿ ಬೇರೆ. ಕೈಕಾಲಿನ ಚಲನೆ, ಸ್ಪರ್ಶ ಮತ್ತು ದೃಷ್ಟಿಗೆ ಸಂಬಂಧಿಸಿದ ಭಾಗಗಳ ಹೊಂದಿಕೆ ಉಪವಾಸದ ದಿನ ಜಾಸ್ತಿ ಇತ್ತು. ಈಗ ನಿಮ್ಮ ಶಿಷ್ಯರನ್ನೇ ಯೋಚಿಸಿ. ಮೊದಲ ಸ್ಕ್ಯಾನಿಗೆ ಬೆಳಗ್ಗೆ ಚಾ ಕುಡಿದು ಬಂದವರು, ಎರಡು ತಿಂಗಳ ಧ್ಯಾನದ ಹುರುಪಿನಲ್ಲಿ ಚಾ ಬಿಟ್ಟು ಎರಡನೇ ಸ್ಕ್ಯಾನಿಗೆ ಬಂದರೆ ನೀವು ಅಳೆದದ್ದು ಧ್ಯಾನವನ್ನೋ, ಚಾವನ್ನೋ?

ಅಲುಗಾಟ ಇನ್ನೂ ದೊಡ್ಡ ಗಂಡಾಂತರ. 2012ರಲ್ಲಿ ಜೊನಾಥನ್ ಪವರ್ ಮತ್ತು ಜೊತೆಗಾರರು ತೋರಿಸಿದ ಪ್ರಕಾರ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಹತ್ತಿರದ ಭಾಗಗಳ ಕೋರಿಲೇಶನ್ ಏರುತ್ತದೆ, ದೂರದವುಗಳದ್ದು ಇಳಿಯುತ್ತದೆ. ಧ್ಯಾನ ಕಲಿತವರು ಅಲುಗದೆ ಮಲಗಲು ಕಲಿತಿರುತ್ತಾರೆ. ಆಗ ಅವರ ದೂರದ ಸಂಬಂಧಗಳು ಗಟ್ಟಿಯಾದ ಹಾಗೆ ಕಾಣುತ್ತವೆ, ಅಲ್ಲಿ ಬದಲಾದದ್ದು ಕುತ್ತಿಗೆ ಮಾತ್ರ ಇರಬಹುದು. ನಿದ್ದೆಯದ್ದೂ ಇದೇ ಕಥೆ. ಕಣ್ಣು ಮುಚ್ಚಿ ಸುಮ್ನೆ ಮಲಗಿಸಿದರೆ ಮೂರೇ ನಿಮಿಷದಲ್ಲಿ ಮೂರರಲ್ಲೊಂದು ಪಾಲು ಜನರ ಎಚ್ಚರ ತಪ್ಪಲು ಶುರುವಾಗುತ್ತದೆ ಅಂತ 2014ರ ಒಂದು ಅಧ್ಯಯನ ಹೇಳುತ್ತದೆ.

ಇದನ್ನೆಲ್ಲ ಕೇಳಿ ನಿರಾಸೆ ಬೇಡ, ಇನ್ನೊಂದು ಬದಿಯೂ ಉಂಟು. ಚಿಕ್ಕ ಸ್ಕ್ಯಾನ್‌ಗಳಲ್ಲಿ ಒಂದೊಂದೇ ಸಂಬಂಧವನ್ನು ನೋಡಿದರೆ ಎರಡು ಸಲದ ಅಳತೆಗಳು ಸರಿಯಾಗಿ ಹೊಂದುವುದಿಲ್ಲ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಈ ನಂಬಿಕೆಯ ಅಳತೆ, ಐಸಿಸಿ ಅನ್ನುತ್ತಾರೆ, ಸರಾಸರಿ 0.29 ಬಂತು. 1 ಬಂದರೆ ಪೂರ್ತಿ ಭರವಸೆ, 0.4ಕ್ಕಿಂತ ಕೆಳಗೆ ಇದ್ದರೆ ಸಾಲದು ಅಂತ ರೂಢಿ. ಆದರೆ ಒಬ್ಬೊಬ್ಬರಿಂದ ಬೇಕಾದಷ್ಟು ಡೇಟಾ ತೆಗೆದರೆ ಚಿತ್ರ ಬದಲಾಗುತ್ತದೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಿಡ್‌ನೈಟ್ ಸ್ಕ್ಯಾನ್ ಕ್ಲಬ್ ಎಂಬ ತಂಡ 10 ಜನರನ್ನು ತಲಾ ಹತ್ತು ರಾತ್ರಿ ಸ್ಕ್ಯಾನ್ ಮಾಡಿತು, ಒಂದೊಂದು ಸಲಕ್ಕೆ 30 ನಿಮಿಷ ವಿಶ್ರಾಂತಿಯ ಸ್ಕ್ಯಾನ್, ಒಟ್ಟು ಒಬ್ಬರಿಗೆ ಐದು ಗಂಟೆ. ಹಗಲು ಯಂತ್ರದ ಬಾಡಿಗೆ ಜಾಸ್ತಿ, ಅದಕ್ಕೆ ಮಧ್ಯರಾತ್ರಿ. 2017ರಲ್ಲಿ ಬಂದ ಆ ಕೆಲಸ, ಅದರ ಮೇಲೆ ಮರುವರ್ಷ ಬಂದ ವಿಶ್ಲೇಷಣೆ, ಎರಡರಿಂದಲೂ ಗೊತ್ತಾದದ್ದು ಏನೆಂದರೆ, ಡೇಟಾ ಸಾಕಷ್ಟು ಇದ್ದಾಗ ಒಬ್ಬರ ಕನೆಕ್ಟಿವಿಟಿ ನಕ್ಷೆ ಬಹಳ ಸ್ಥಿರ. ದಿನದಿಂದ ದಿನಕ್ಕೆ ಆಗುವ ಬದಲಾವಣೆ ಚಿಕ್ಕದು, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ದೊಡ್ಡದು.

ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟು. ಧ್ಯಾನ ಮಾಡದ ಇನ್ನೊಂದು ಗುಂಪು ಬೇಕೇ ಬೇಕು, ಅವರಿಗೂ ಎರಡು ತಿಂಗಳ ಅಂತರದಲ್ಲಿ ಎರಡು ಸಲ ಸ್ಕ್ಯಾನ್. ಯಾರು ಯಾವ ಗುಂಪು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ, ಇಷ್ಟ ಇದ್ದವರು ಈ ಕಡೆ ಬನ್ನಿ ಅನ್ನಬೇಡಿ. ಧ್ಯಾನದ ಮುಂಚೆ ಒಂದರ ಬದಲು ಎರಡು ಸ್ಕ್ಯಾನ್ ಮಾಡಿದರೆ ಒಬ್ಬೊಬ್ಬರ ಸಹಜ ಏರುಪೇರು ಎಷ್ಟು ಅಂತ ಅಲ್ಲೇ ಸಿಗುತ್ತದೆ. ಒಂದೇ ಯಂತ್ರ, ಒಂದೇ ಸೆಟ್ಟಿಂಗ್, ದಿನದ ಒಂದೇ ಹೊತ್ತು, ಕಣ್ಣು ತೆರೆದು ಒಂದು ಗುರುತನ್ನು ನೋಡುತ್ತಾ ಮಲಗುವುದು, ಚಾ ಕಾಫಿಯ ಲೆಕ್ಕ, ಹಿಂದಿನ ರಾತ್ರಿಯ ನಿದ್ದೆಯ ಲೆಕ್ಕ. ಐದು ನಿಮಿಷದ ಸ್ಕ್ಯಾನ್‌ಗೆ ಒಪ್ಪಬೇಡಿ, ಅರ್ಧ ಗಂಟೆ ಕೇಳಿ. ಹತ್ತು ಜನ ಮಾತ್ರ ಆದರೆ ದೊಡ್ಡ ಪರಿಣಾಮ ಇದ್ದರಷ್ಟೇ ಕಂಡೀತು, ಹಾಗಾಗಿ ಸಿಕ್ಕಿದ್ದನ್ನು ಎಲ್ಲರಿಗೂ ಅನ್ವಯಿಸಿ ಹೇಳಲು ಹೋಗಬೇಡಿ. ಯಾವ ಭಾಗ ನೋಡುತ್ತೀರಿ ಅನ್ನುವುದನ್ನು ಮೊದಲೇ ಬರೆದಿಡಿ. ನೂರು ಭಾಗಗಳಾಗಿ ಮೆದುಳನ್ನು ಹಂಚಿದರೆ 4950 ಜೋಡಿಗಳಾಗುತ್ತವೆ, ಅಷ್ಟರಲ್ಲಿ ಯಾವುದಾದರೂ ಒಂದು ಬರೀ ಆಕಸ್ಮಿಕವಾಗಿ ಬದಲಾಗಿಯೇ ಇರುತ್ತದೆ.

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಆರು ತಿಂಗಳಾಯಿತು. ಬಲಗೈ ಸ್ವಲ್ಪ ಸ್ವಲ್ಪ ಆಡುತ್ತಿದೆ. ಎರಡು ಎಂಆರ್‌ಐ ಆಗಿದೆ. ಕನೆಕ್ಟಿವಿಟಿ ಸ್ಕ್ಯಾನ್ ಅಂತ ಇನ್ನೊಂದು ಉಂಟು, ಅದನ್ನೂ ಮಾಡಿಸಿ ಹೋಲಿಸಿದರೆ ಗುಣ ಆಗುವುದು ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು. ಸಾಲ ಮಾಡಿಯಾದರೂ ಮಾಡಿಸಲಾ ಮೇಡಂ?
– ಕುಂಬಳೆ

ಉತ್ತರ: ಬೇಡಮ್ಮ. ಅಪ್ಪನಿಗೆ ಆದ ಎಂಆರ್‌ಐ ಮೆದುಳಿನ ರಚನೆಯದ್ದು, ಎಲ್ಲಿ ಪೆಟ್ಟಾಗಿದೆ ಅಂತ ನೋಡಲು ಅದು ಬೇಕಿತ್ತು. ಕನೆಕ್ಟಿವಿಟಿ ಲೆಕ್ಕ ಇನ್ನೂ ಸಂಶೋಧನೆಯ ವಸ್ತು. ಸ್ಟ್ರೋಕ್ ಆದ ಮೇಲೆ ಎಡ ಬಲದ ಚಲನೆಯ ಭಾಗಗಳ ಹೊಂದಿಕೆ ತಗ್ಗುತ್ತದೆ, ಚೇತರಿಸುವಾಗ ಅದು ಮತ್ತೆ ಕೂಡಿಕೊಳ್ಳುತ್ತದೆ ಅನ್ನುವುದು ರೋಗಿಗಳ ಗುಂಪುಗಳಲ್ಲಿ ಕಂಡ ಸಂಗತಿ. ಒಬ್ಬ ವ್ಯಕ್ತಿಯ ಎರಡು ಸ್ಕ್ಯಾನ್ ನೋಡಿ ಇವರಿಗೆ ಇಷ್ಟು ಗುಣ ಆಗುತ್ತದೆ ಅಂತ ಹೇಳುವಷ್ಟು ಭರವಸೆ ಆ ಅಂಕಿಗಳಿಗೆ ಇಲ್ಲ, ಯಾಕೆ ಅಂತ ಮೇಲಿನ ಉತ್ತರದಲ್ಲಿ ಇದೆ. ಮೆದುಳಿನ ಕೆಲವು ಶಸ್ತ್ರಚಿಕಿತ್ಸೆಗಳ ಮುಂಚೆ ಮಾತಿನ ಭಾಗ, ಕೈಯ ಭಾಗ ಎಲ್ಲಿದೆ ಅಂತ ತಿಳಿಯಲು ಎಫ್‌ಎಂಆರ್‌ಐ ಮಾಡಿಸುತ್ತಾರೆ, ಅದು ಬೇರೆ. ಆ ದುಡ್ಡನ್ನು ಫಿಸಿಯೋಥೆರಪಿಗೆ ಇಡಿ. ಕೈ ಆಡಲು ಶುರುವಾಗಿದೆ ಅಂದಿರಲ್ಲ, ವ್ಯಾಯಾಮ ಬಿಡಬೇಡಿ. ಅಪ್ಪ ಯಾವ ವಾರ ಲೋಟ ಹಿಡಿದರು, ಯಾವ ವಾರ ಅಂಗಿಯ ಗುಂಡಿ ಹಾಕಿದರು ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಡಾಕ್ಟರಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಸಂಶೋಧನೆಗೆ ಅಂತ ಮಗನನ್ನು ಐದು ಸಲ ಸ್ಕ್ಯಾನ್‌ಗೆ ಕರೆದಿದ್ದಾರೆ. ಇಷ್ಟು ಸಲ ಮಾಡಿಸಿದರೆ ವಿಕಿರಣದ ಅಪಾಯ ಇಲ್ವಾ?
– ತಾಳವಾಡಿ

ಉತ್ತರ: ಎಂಆರ್‌ಐಯಲ್ಲಿ ಎಕ್ಸ್‌ರೇ, ಸಿಟಿಯ ಥರದ ವಿಕಿರಣ ಇಲ್ಲ. ಅಯಸ್ಕಾಂತ ಮತ್ತು ರೇಡಿಯೋ ಅಲೆಗಳು ಮಾತ್ರ. ಸಾಮಾನ್ಯವಾಗಿ ಈ ಬಗೆಯ ಸ್ಕ್ಯಾನ್‌ಗೆ ಇಂಜೆಕ್ಷನ್ ಕೂಡ ಬೇಡ. ಮೈಯೊಳಗೆ ಲೋಹ, ಪೇಸ್‌ಮೇಕರ್, ಕಣ್ಣಿಗೆ ಹಿಂದೆ ಯಾವತ್ತಾದರೂ ಕಬ್ಬಿಣದ ಚೂರು ಹೊಕ್ಕದ್ದು ಇದ್ದರೆ ಪ್ರತಿ ಸಲವೂ ಹೇಳಲೇಬೇಕು. ಸದ್ದು ಬಹಳ, ಕಿವಿಗೆ ಮುಚ್ಚಿಕೊಳ್ಳಲು ಕೊಡುತ್ತಾರಾ ಅಂತ ಕೇಳಿ. ಒಪ್ಪಿಗೆ ಪತ್ರ ಓದಿದ ಮೇಲೆಯೇ ಸಹಿ, ಬೇಡ ಅನಿಸಿದರೆ ಯಾವ ಸಲ ಬೇಕಾದರೂ ನಿಲ್ಲಿಸಬಹುದು.

ಪ್ರಶ್ನೆ: ನಮ್ಮದು ಚಿಕ್ಕ ಕಾಲೇಜು. ಸ್ಕ್ಯಾನರ್ ಕನಸಿನ ಮಾತು. ಮಕ್ಕಳಿಗೆ ಈ ವಿಶ್ಲೇಷಣೆ ಕಲಿಸಲು ದಾರಿ ಇದೆಯೇ?
– ಕಾಸರಗೋಡು

ಉತ್ತರ: ಖಂಡಿತ ಉಂಟು ಸರ್, ಮತ್ತು ನನಗೆ ಈ ಪತ್ರ ಓದಿ ತುಂಬಾ ಖುಷಿ ಆಯಿತು. ಮೇಲೆ ಹೇಳಿದ ಮಿಡ್‌ನೈಟ್ ಸ್ಕ್ಯಾನ್ ಕ್ಲಬ್ ಡೇಟಾ, ಪೋಲ್ಡ್ರಾಕ್ ಅವರ ಡೇಟಾ, ಎರಡೂ ಓಪನ್‌ನ್ಯೂರೋ ಎಂಬ ತಾಣದಲ್ಲಿ ಎಲ್ಲರಿಗೂ ಉಚಿತ. ಪೈಥಾನ್ ಬಂದರೆ ನೈಲರ್ನ್ ಎಂಬ ಉಚಿತ ತಂತ್ರಾಂಶ ಸಾಕು. ಕಚ್ಚಾ ಚಿತ್ರಗಳನ್ನು ಸರಿಪಡಿಸಲು ಎಫ್‌ಎಂಆರ್‌ಐಪ್ರೆಪ್ ಉಂಟು, ಆದರೆ ಅದು ಕಂಪ್ಯೂಟರನ್ನು ಗಂಟೆಗಟ್ಟಲೆ ದುಡಿಸುತ್ತದೆ, ಹಾಗಾಗಿ ಈಗಾಗಲೇ ಸರಿಪಡಿಸಿ ಇಟ್ಟ ಡೇಟಾದಿಂದ ಶುರು ಮಾಡಿ.

ಮೊದಲ ಪಾಠಕ್ಕೆ ಒಬ್ಬರ ಹತ್ತು ಸೆಷನ್ ಸಾಕು. ಮಕ್ಕಳು ಸೆಷನ್‌ಗೊಂದು ಕನೆಕ್ಟಿವಿಟಿ ಕೋಷ್ಟಕ ಮಾಡಲಿ, ಹತ್ತನ್ನೂ ಒಂದಕ್ಕೊಂದು ಹೋಲಿಸಲಿ. ಆಮೇಲೆ ಇನ್ನೊಬ್ಬರ ಹತ್ತರ ಜೊತೆ. ಒಂದು ಕೋಷ್ಟಕವನ್ನು ಹೆಸರು ಮುಚ್ಚಿ ಕೊಟ್ಟು, ಇದು ಯಾರದ್ದು ಅಂತ ಕಂಡುಹಿಡಿಯಿರಿ ಅನ್ನಿ. ಯೇಲ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ 126 ಜನರ ಮೇಲೆ ಇದನ್ನೇ ಮಾಡಿತು, ಎರಡು ದಿನದ ವಿಶ್ರಾಂತಿ ಸ್ಕ್ಯಾನ್‌ಗಳ ನಡುವೆ ನೂರಕ್ಕೆ 90ಕ್ಕಿಂತ ಜಾಸ್ತಿ ಸಲ ಸರಿಯಾದ ವ್ಯಕ್ತಿ ಸಿಕ್ಕಿದರು. ಎರಡನೇ ಪಾಠಕ್ಕೆ ಅದೇ ಲೆಕ್ಕವನ್ನು ಐದು ನಿಮಿಷದ ಡೇಟಾ, ಹತ್ತು ನಿಮಿಷದ ಡೇಟಾ, ಮೂವತ್ತು ನಿಮಿಷದ ಡೇಟಾ ತೆಗೆದುಕೊಂಡು ಮಾಡಿಸಿ, ಹೊಂದಿಕೆ ಹೇಗೆ ಏರುತ್ತಾ ಹೋಗುತ್ತದೆ ಅಂತ ಅವರೇ ಗ್ರಾಫ್ ಹಾಕಲಿ. ಮೂರನೆಯದಕ್ಕೆ ಮಿಡ್‌ನೈಟ್ ಸ್ಕ್ಯಾನ್ ಕ್ಲಬ್‌ನ ಹತ್ತು ಜನರಲ್ಲಿ ಎಂಟನೆಯವರ ಡೇಟಾ ಕೊಡಿ, ಕಾರಣ ಹೇಳದೆ. ಅವರು ಸ್ಕ್ಯಾನರ್ ಒಳಗೆ ಅಲುಗುತ್ತಿದ್ದರು, ಆಗಾಗ ನಿದ್ದೆಗೂ ಜಾರುತ್ತಿದ್ದರು, ಅವರ ಸೆಷನ್‌ಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಯಾಕೆ ಹೀಗೆ ಅಂತ ಅಲುಗಾಟದ ಫೈಲ್ ತೆರೆದು ಮಕ್ಕಳೇ ಹುಡುಕಲಿ.